ನಿಜ ಹೇಳುವ ನೆಪದಲ್ಲಿ ನೆರೆಯವರನ್ನು ಇರಿಯಬೇಡಿ



“ಅವರ ಮನಿ ಕಡೆ ಹೋಗಬ್ಯಾಡ್ರಿ, ಅಲ್ಲಿ ಟಿಬಿ ಐತಿ.” ಬೆಳಿಗ್ಗೆ ನಳದ ಹತ್ತಿರ ಆಡಿದ ಇಂಥ ಮಾತು ಸಂಜೆಯೊಳಗೆ ಓಣಿಯನ್ನೆಲ್ಲ ಸುತ್ತುತ್ತದೆ. ಆ ಮನೆಯ ಮಕ್ಕಳ ಜೊತೆ ಆಡುವವರಿರುವುದಿಲ್ಲ. ಮಗಳನ್ನು ನೋಡಲು ಬರಬೇಕಾದ ಬೀಗರು ಬರುವುದಿಲ್ಲ. ಯಜಮಾನ ಗುಳಿಗೆಗಳನ್ನು ಬಚ್ಚಿಟ್ಟು ನುಂಗುತ್ತಾನೆ. ಕೊನೆಗೆ, ಯಾರಾದರೂ ಕಂಡಾರೆಂದು ದವಾಖಾನೆಗೆ ಹೋಗುವುದನ್ನೇ ಬಿಡುತ್ತಾನೆ. ಕ್ಷಯದ ಔಷಧವನ್ನು ನಡುವೆ ನಿಲ್ಲಿಸಿದರೆ ರೋಗ ಮರಳಬಹುದು, ಔಷಧಕ್ಕೇ ಜಗ್ಗದ ಕ್ಷಯವೂ ಆಗಬಹುದು. ಅವನು ಸತ್ತರೆ ಆ ಸಾವಿನಲ್ಲಿ ನಮ್ಮ ನಾಲಿಗೆಗೂ ಪಾಲಿದೆ.

“ಇದ್ದದ್ದನ್ನೇ ಹೇಳಿದೆ, ಸುಳ್ಳೇನಾದರೂ ಹೇಳಿದೆನೇ?” ಎಂದು ಕೇಳುವವರಿದ್ದಾರೆ. ಬಂಧುಗಳೇ, ಇದ್ದದ್ದನ್ನು ಯಾರಿಗೆ ಹೇಳಿದಿರಿ? ಯಾತಕ್ಕೆ ಹೇಳಿದಿರಿ? ಪ್ರೀತಿಯಿಂದ ಸತ್ಯವನ್ನಾಡಬೇಕೆಂದು ಪೌಲನು ಎಫೆಸದ ಸಭೆಗೆ ಬರೆದನು. ಸತ್ಯವನ್ನೂ ಪ್ರೀತಿಯನ್ನೂ ಅವನು ಬೇರೆ ಮಾಡಲಿಲ್ಲ. ದೇವರನ್ನು ಕೊಂಡಾಡುವ ಬಾಯಿಂದಲೇ, ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಶಪಿಸುವುದು ಸಲ್ಲದೆಂದು ಯಾಕೋಬನು ಎಚ್ಚರಿಸಿದನು.

ನಮ್ಮ ಮಿರಜಕ್ಕೆ ಕ್ಷಯ, ಕುಷ್ಠಗಳ ವಿಷಯ ಹೊಸದಲ್ಲ. ಕೆನಡಾದ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಇಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದರು. ಕುಷ್ಠರೋಗಿಗಳಿಗಾಗಿ ಮಿರಜದಲ್ಲಿ, ಕ್ಷಯರೋಗಿಗಳಿಗಾಗಿ ವಾನ್ಲೆಸ್‌ವಾಡಿಯಲ್ಲಿ ಬೇರೆ ಆಸ್ಪತ್ರೆಗಳೂ ಎದ್ದವು. ಬೆಳಗಾವಿ, ವಿಜಯಪುರ ಕಡೆಯ ಕನ್ನಡ ಕುಟುಂಬಗಳು ತಲೆಮಾರುಗಳಿಂದ ಚಿಕಿತ್ಸೆಗಾಗಿ ಮಿರಜದ ದಾರಿ ಹಿಡಿದಿವೆ. ಕುಷ್ಠಕ್ಕೆ ರೋಗಾಣು ಕಾರಣವೆಂದು ನಾರ್ವೆಯ ಹ್ಯಾನ್ಸೆನ್ 1873ರಲ್ಲೇ ಕಂಡುಹಿಡಿದಿದ್ದರೂ “ಪಾಪ ಮಾಡಿದವನಿಗೆ ಬಂದದ್ದು” ಎಂಬ ಮಾತು ಇಂದಿಗೂ ಜನರ ಬಾಯಿಂದ ಹೋಗಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪವೆಂದು ಕೇಳಿದಾಗ ಯೇಸು ಆ ಕುರುಡನ ಮೇಲಾಗಲಿ ಅವನ ತಂದೆತಾಯಿಗಳ ಮೇಲಾಗಲಿ ಪಾಪ ಹೊರಿಸಲಿಲ್ಲ. ಯಾರೂ ಮುಟ್ಟದ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದನು. ಆ ಯೇಸುವಿನ ಹೆಸರು ಹೇಳುವ ನಾವು ರೋಗಿಗೆ ಪಾಪಿಯ ಪಟ್ಟ ಕಟ್ಟುವುದು ಯಾವ ನ್ಯಾಯ?

ಹಾಗೆಂದು ಬಾಯಿ ಮುಚ್ಚಿ ಕೂಡುವುದೂ ತಪ್ಪು. ಮನೆಯವರು ಬಳಲುತ್ತಿರುವುದು ಕಂಡರೂ “ಏನಿಲ್ಲ ಬಿಡು, ಹವಾ ಬದಲಾಗೇದ” ಎನ್ನುವುದು ಸಮಾಧಾನದ ವೇಷ ಹಾಕಿದ ಸುಳ್ಳು. ಅಂಥ ಸುಳ್ಳಿನಿಂದಲೂ ಜೀವ ಹೋಗುತ್ತದೆ. ಪ್ರೀತಿಯ ಸತ್ಯ ಹೀಗಿರುತ್ತದೆ: “ಅಣ್ಣಾ, ಕೆಮ್ಮು ಹತ್ತಿ ಎರಡು ವಾರದ ಮ್ಯಾಲಾತು. ನಾಳೆ ಕಫ ತೋರಿಸೋಣ. ನಾನೂ ಜೊತಿಗೆ ಬರ್ತೀನಿ.” ಇದರಲ್ಲಿ ಮುಚ್ಚುಮರೆಯಿಲ್ಲ, ಚುಚ್ಚುವಿಕೆಯೂ ಇಲ್ಲ. ಹೇಳಿದವನು ಹೇಳಿ ಸುಮ್ಮನಾಗದೆ ಜೊತೆಗೆ ನಡೆಯುತ್ತಾನೆ.

ರೋಗದ ವಿಷಯದಲ್ಲಿ ಮಾತ್ರವಲ್ಲ, ಸೊಸೆಯ ತವರನ್ನು ಹಂಗಿಸುವಾಗ, ಓದಿನಲ್ಲಿ ಹಿಂದುಳಿದ ಮಗುವನ್ನು ದಡ್ಡನೆಂದು ಕರೆಯುವಾಗ, ಒಬ್ಬರ ಜಾತಿಯನ್ನೋ ಭಾಷೆಯನ್ನೋ ಹಿಡಿದು ಬೈಯುವಾಗಲೂ ಮಾತಿನಿಂದ ಇರಿಯುವ ಇದೇ ಪಾಪ ನಡೆಯುತ್ತದೆ. ಮರಾಠಿಯಲ್ಲಿ ಬೈದರೂ ಕನ್ನಡದಲ್ಲಿ ಬೈದರೂ ಗಾಯ ಒಂದೇ.

ಆದ್ದರಿಂದ ನಮ್ಮ ವಿನಂತಿ:

1. ಒಬ್ಬರ ತಪ್ಪು ಕಂಡರೆ, ಮತ್ತಾಯ 18ನೇ ಅಧ್ಯಾಯದಲ್ಲಿ ಯೇಸು ಕಲಿಸಿದಂತೆ, ಮೊದಲು ಅವರೊಬ್ಬರ ಬಳಿಗೇ ಹೋಗಿ ಹೇಳಿ.

2. ಒಬ್ಬರ ರೋಗ, ಸಾಲ, ಸಂಸಾರದ ಜಗಳವನ್ನು ವಾಟ್ಸಾಪ್ ಗುಂಪಿಗಾಗಲಿ, “ಪ್ರಾರ್ಥನೆಯ ವಿಷಯ” ಎಂಬ ಹೆಸರಿನಲ್ಲಿ ಸಭೆಗಾಗಲಿ ಅವರ ಒಪ್ಪಿಗೆಯಿಲ್ಲದೆ ಒಯ್ಯಬೇಡಿ.

3. ಕ್ಷಯ, ಕುಷ್ಠ ಎರಡೂ ಔಷಧದಿಂದ ಗುಣವಾಗುತ್ತವೆ; ಸರಕಾರಿ ದವಾಖಾನೆಯಲ್ಲಿ ಔಷಧ ಪುಕ್ಕಟೆ ಸಿಗುತ್ತದೆ. ಹೆದರಿಸುವ ಬದಲು ಈ ಸತ್ಯವನ್ನು ಹರಡಿರಿ.

4. ಆಡಿದ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ, ಯಾರೆದುರು ಆಡಿದಿರೋ ಅವರೆದುರೇ ಕ್ಷಮೆ ಕೇಳಿ.

ಈ ಕರಪತ್ರವನ್ನು ಓದಿ ಪಕ್ಕದ ಮನೆಗೆ ಕೊಡಿ. ನೀವು ನೋಯಿಸಿದವರು ಆ ಮನೆಯಲ್ಲೇ ಇದ್ದರೆ, ಮೊದಲು ಕ್ಷಮೆ ಕೇಳಿ, ಆಮೇಲೆ ಇದನ್ನು ಕೈಗಿಡಿ.