ಗ್ರಾಮಸಭೆಯಲ್ಲಿ ಕನ್ನಡದ ದನಿ

ಊರಿನ ಕೆಲಸವನ್ನು ಊರವರೇ ಸೇರಿ ಮಾಡುವುದು ಕಾಸರಗೋಡಿನ ಕೃಷಿಕರಿಗೆ ಹೊಸತಲ್ಲ. ಮಳೆ ನಿಂತು ತೋಡಿನ ನೀರು ಇಳಿಯತೊಡಗಿದಾಗ ಎರಡು ದಡಗಳ ತೋಟದವರೂ ಕಲ್ಲು, ಮಣ್ಣು ಹೊತ್ತು ಕಟ್ಟ ಕಟ್ಟುವುದು ಇಲ್ಲಿ ತಲೆಮಾರುಗಳಿಂದ ಬಂದ ರೂಢಿ. ಯಾರ ಪಾಲಿನ ಕೆಲಸ ಎಷ್ಟೆಂಬುದನ್ನು ಎಲ್ಲರೂ ಕೂಡಿ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ ತೀರ್ಮಾನಿಸುತ್ತಿದ್ದರು. ಹಾಗಾಗಿಯೇ ಆ ಕಟ್ಟ ಎಲ್ಲರದೂ ಆಗಿರುತ್ತಿತ್ತು.

1996ರ ಆಗಸ್ಟ್ 17ರಂದು ಕೇರಳದಲ್ಲಿ ‘ಜನಕೀಯಾಸೂತ್ರಣ’ ಆರಂಭವಾದಾಗ ಇದೇ ತತ್ವ ಸರಕಾರದ ನೀತಿಯಾಯಿತು. ರಾಜ್ಯದ ಯೋಜನಾ ವೆಚ್ಚದಲ್ಲಿ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವ ನಿರ್ಧಾರವಾಯಿತು. ಊರಿನ ಬೇಡಿಕೆ ವಾರ್ಡಿನ ಗ್ರಾಮಸಭೆಯಲ್ಲಿ ಹುಟ್ಟಬೇಕು, ಅಭಿವೃದ್ಧಿ ವಿಚಾರಸಂಕಿರಣದಲ್ಲಿ ಚರ್ಚೆಯಾಗಬೇಕು, ಕಾರ್ಯತಂಡದ ಕೈಯಲ್ಲಿ ಯೋಜನೆಯಾಗಿ ರೂಪುಗೊಳ್ಳಬೇಕು. ಕಾಮಗಾರಿಯನ್ನು ಫಲಾನುಭವಿ ಸಮಿತಿಗಳೇ ವಹಿಸಿಕೊಳ್ಳಲೂ ಅವಕಾಶವಿತ್ತು. ದೇಶವೇ ಗಮನಿಸಿದ ಈ ಪ್ರಯೋಗವನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಆದರೆ ಒಂದು ಪ್ರಶ್ನೆ ಉಳಿದಿದೆ. ಸಭೆಯ ನೋಟೀಸು, ಅರ್ಜಿಯ ನಮೂನೆ, ಯೋಜನೆಯ ಕರಡು, ನಡಾವಳಿ ಇವೆಲ್ಲ ಮಲಯಾಳದಲ್ಲಷ್ಟೇ ಇದ್ದರೆ ಕನ್ನಡವನ್ನು ಮಾತ್ರ ಓದಬಲ್ಲ ಹಿರಿಯರು, ತಾಯಂದಿರು ಅಲ್ಲಿ ಪಾಲುಗಾರರಾಗುವುದು ಹೇಗೆ? ಓದಲಾಗದ ಕಾಗದಕ್ಕೆ ರುಜು ಹಾಕಿ ಮನೆಗೆ ಮರಳುವುದನ್ನು ಸಹಭಾಗಿತ್ವ ಎನ್ನಲಾಗದು. ಅದು ಹಾಜರಿ ಮಾತ್ರ.

ಕನ್ನಡದಲ್ಲಿ ಕೇಳುವುದು ಯಾರ ಔದಾರ್ಯಕ್ಕೂ ಸೇರಿದ ವಿಷಯವಲ್ಲ. ಕೇರಳದ 1969ರ ರಾಜಭಾಷಾ ಕಾಯ್ದೆಯು ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಿ ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಮಾನ್ಯಮಾಡಿತು. ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ.

ಇದರಲ್ಲಿ ನಮ್ಮ ಶಾಲೆಗಳ ಅಳಿವು ಉಳಿವು ಅಡಗಿದೆ. ಕೇರಳದ ಹಳ್ಳಿಗಳಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳ ಹೊಣೆ ಗ್ರಾಮ ಪಂಚಾಯತಿನದು. ಸೋರುವ ಮಾಡು, ಬತ್ತಿದ ಬಾವಿ, ಬಾಗಿಲಿಲ್ಲದ ಶೌಚಾಲಯ ಇವುಗಳ ಮಾತು ಸಭೆಯಲ್ಲಿ ಏಳದಿದ್ದರೆ ಯೋಜನೆಯ ಪಟ್ಟಿಗೆ ಸೇರುವುದು ಕಷ್ಟ. ಕಟ್ಟಡ ಸೊರಗಿದ ಶಾಲೆಯಿಂದ ಹೆತ್ತವರು ಮಕ್ಕಳನ್ನು ಬಿಡಿಸುತ್ತಾರೆ. ಆಮೇಲೆ ‘ಕನ್ನಡಕ್ಕೆ ಮಕ್ಕಳೇ ಇಲ್ಲ’ ಎಂಬ ಮಾತು ಹುಟ್ಟಿಕೊಳ್ಳುತ್ತದೆ.

ಉಳಿದ ಗಡಿನಾಡುಗಳ ಬಾಂಧವರಿಗೂ ದಾರಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರಕಾರಿ ಶಾಲೆಯ ವ್ಯವಸ್ಥಾಪನಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆ ಸಮಿತಿ ಸಿದ್ಧಪಡಿಸುವ ಶಾಲಾಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರವಾಗಬೇಕು. ಜತ್ತ, ಅಕ್ಕಲಕೋಟೆಯ ಹೆತ್ತವರು ಈ ಅಧಿಕಾರವನ್ನು ಕೈಗೆತ್ತಿಕೊಳ್ಳಲಿ. ತಮಿಳುನಾಡಿನಲ್ಲಿ ಗಣರಾಜ್ಯ ದಿನ, ಮೇ ದಿನ, ಸ್ವಾತಂತ್ರ್ಯ ದಿನ ಮತ್ತು ಗಾಂಧಿ ಜಯಂತಿಯಂದು ಗ್ರಾಮಸಭೆ ಸೇರುವ ಪದ್ಧತಿಯಿದೆ. ತಾಳವಾಡಿಯ ಕನ್ನಡಿಗರು ಆ ದಿನಗಳಂದು ಶಾಲೆಯ ಬೇಡಿಕೆಯನ್ನು ಮುಂದಿಡಲಿ.

ಭಾಷಾ ಅಲ್ಪಸಂಖ್ಯಾತರಿರುವ ಪಂಚಾಯತುಗಳಲ್ಲಿ ನೋಟೀಸು, ಅರ್ಜಿ ಹಾಗೂ ಯೋಜನಾ ಪುಸ್ತಿಕೆ ಕನ್ನಡದಲ್ಲೂ ದೊರೆಯಬೇಕೆಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ. ಸಭೆಯಲ್ಲಿ ಕನ್ನಡದಲ್ಲಿ ಆಡಿದ ಮಾತು ನಡಾವಳಿಯಲ್ಲಿ ದಾಖಲಾಗಬೇಕು. ಶಿಕ್ಷಣದ ಕಾರ್ಯತಂಡದಲ್ಲಿ ಕನ್ನಡ ಶಾಲೆಯ ಅಧ್ಯಾಪಕರೊಬ್ಬರಿಗೂ ಹೆತ್ತವರೊಬ್ಬರಿಗೂ ಸ್ಥಾನವಿರಬೇಕು.

ಆದರೆ ಬೇಡಿಕೆಯಿಟ್ಟು ಮನೆಯಲ್ಲಿ ಕುಳಿತರೆ ಸಾಲದು. ಕೇರಳದಲ್ಲಿ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂಬ ನಿಯಮವಿದೆ. ಮತದಾರರಲ್ಲಿ ಶೇಕಡಾ 10 ಮಂದಿ ಬಂದರೆ ಕೋರಂ ಪೂರ್ತಿಯಾಗುತ್ತದೆ. ಹೀಗಿರುವಾಗ ಒಂದು ಶಾಲೆಯ ಹೆತ್ತವರೂ ಹಳೆ ವಿದ್ಯಾರ್ಥಿಗಳೂ ಒಟ್ಟಾಗಿ ಹೋದರೆ ಅವರ ಮಾತಿಗೆ ತೂಕ ಬಾರದಿರದು. ಬೇಡಿಕೆಯನ್ನು ಬಾಯಲ್ಲಿ ಹೇಳಿದರೆ ಸಾಲದು. ಕನ್ನಡದಲ್ಲಿ ಬರೆದುಕೊಟ್ಟು ರಶೀದಿ ಪಡೆಯಿರಿ. ಮಂಜೂರಾದ ಕೆಲಸದ ಅಂದಾಜುಪಟ್ಟಿ ಕೇಳಿ ನೋಡಿ, ಕೆಲಸ ನಡೆಯುವಾಗ ಹೋಗಿ ನಿಲ್ಲಿ.

ನೆರೆಯ ಭಾಷೆಯೊಡನೆ ನಮಗೆ ಜಗಳವಿಲ್ಲ. ಮಲಯಾಳ, ತಮಿಳು, ಮರಾಠಿ, ತೆಲುಗುಗಳನ್ನಾಡುವ ನೆರೆಯವರೊಡನೆ ಒಂದೇ ರಸ್ತೆಯಲ್ಲಿ ನಡೆದು, ಒಂದೇ ಬಾವಿಯ ನೀರು ಕುಡಿಯುವವರು ನಾವು. ಆ ರಸ್ತೆ, ಆ ಬಾವಿ ಎಲ್ಲಿ ಬರಬೇಕೆಂದು ನಿರ್ಧರಿಸುವಾಗ ನಮ್ಮ ಮಾತೂ ಕೇಳಿಬರಲಿ ಎಂಬುದಷ್ಟೇ ನಮ್ಮ ಬೇಡಿಕೆ. ಮುಂದಿನ ಗ್ರಾಮಸಭೆ ಎಂದು ಎಂಬುದನ್ನು ಪ್ರತಿಯೊಂದು ಕನ್ನಡ ಶಾಲೆಯೂ ಇಂದೇ ತನ್ನ ಸೂಚನಾ ಫಲಕದಲ್ಲಿ ಬರೆದು ಹಾಕಲಿ.