ಹಗ್ಗ ಬಿಚ್ಚುವ ಮುನ್ನ

ಬಿ.ಎ. ಓದುವವನಿಗೆ ಗಣಕಯಂತ್ರದ ಒಳಗಿನ ವಿಚಾರವೇಕೆ ಎಂದು ವಾಚಕಮಿತ್ರರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಬೂದಿಕೋಟೆಯ ಕಡೆಯ ರೈತನ ಪಹಣಿ ಈಗ ಶಾನುಭೋಗರ ಕಟ್ಟಿನಲ್ಲಿಲ್ಲ. ‘ಭೂಮಿ’ ಯೋಜನೆಯ ಸರ್ವರಿನಲ್ಲಿದೆ. ರಾಜ್ಯದ ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ರೈತರ ಹೆಸರಿನವು, ಹೀಗೆ ಯಂತ್ರಕ್ಕೆ ಏರಿವೆ. ನಮ್ಮ ಪ್ರವೇಶ, ಶುಲ್ಕ, ಅಂಕ ಎಲ್ಲವೂ ಯು.ಯು.ಸಿ.ಎಂ.ಎಸ್. ಎಂಬ ವ್ಯವಸ್ಥೆಯಲ್ಲಿವೆ. 2019ರಲ್ಲಿ ನಮ್ಮ ಸರ್ಕಾರದ್ದೇ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದಿಂದ ಗುತ್ತಿಗೆದಾರರ ಠೇವಣಿ ಹಣ 11 ಕೋಟಿ ರೂಪಾಯಿಗೂ ಮಿಕ್ಕು ಕಳುವಾಯಿತು. ಆದುದರಿಂದ ಸರ್ವರಿಗೆ ಕಾವಲು ಹೇಗಿದೆ ಎಂದು ಕೇಳಲು ಇಂಜಿನಿಯರೇ ಆಗಬೇಕೆಂದಿಲ್ಲ.

ಸರ್ವರಿನಲ್ಲಿ ಕೆಲಸ ಮಾಡುವ ತಂತ್ರಾಂಶವು ದಿನವೆಲ್ಲ ಅಪರಿಚಿತರ ಮಾತಿಗೆ ಉತ್ತರ ಕೊಡುತ್ತಿರಬೇಕು. ಎಂದಾದರೊಂದು ದಿನ ಅದು ಮೋಸಹೋಗುವುದು ಖಂಡಿತ. ಮೋಸಹೋದರೂ ಹಾನಿ ಒಂದು ಎಲ್ಲೆಯನ್ನು ದಾಟದಿರಲೆಂದು ಕಾರ್ಯವ್ಯವಸ್ಥೆಯೇ, ಅಂದರೆ ಆಪರೇಟಿಂಗ್ ಸಿಸ್ಟಮೇ, ಅದನ್ನು ಕಟ್ಟಿಹಾಕುತ್ತದೆ. ಇದಕ್ಕೆ ಸ್ಯಾಂಡ್‌ಬಾಕ್ಸ್ ಎನ್ನುತ್ತಾರೆ. ನಮ್ಮ ಕಡೆ ಹಸುವನ್ನು ಗೂಟಕ್ಕೆ ಕಟ್ಟುವುದಿಲ್ಲವೆ? ಹಗ್ಗದಳತೆಯ ಹುಲ್ಲನ್ನು ಮೇಯಬಹುದು, ಪಕ್ಕದವರ ರಾಗಿ ಹೊಲಕ್ಕೆ ಬಾಯಿ ಹಾಕುವಂತಿಲ್ಲ. ಹಾಗೆಯೇ ಇದು. ಈ ಹಗ್ಗವನ್ನು ಕಾರ್ಯವ್ಯವಸ್ಥೆಯಿಂದ ಬಿಚ್ಚಿ ತೆಗೆಯುವುದು ಸರಿಯೆ ಎಂಬುದೇ ಇಲ್ಲಿಯ ಪ್ರಶ್ನೆ.

ಬಿಚ್ಚಿದವರ ಒಂದು ಉದಾಹರಣೆಯನ್ನು ವಿವರವಾಗಿಯೇ ಹೇಳಬೇಕು. ಭದ್ರತೆಗೆ ಹೆಸರಾದ ಓಪನ್‌ಬಿ.ಎಸ್.ಡಿ. ಎಂಬ ಕಾರ್ಯವ್ಯವಸ್ಥೆಯಲ್ಲಿ 2002ರಿಂದ ಸಿಸ್‌ಟ್ರೇಸ್ ಎಂಬ ಕಾವಲಿತ್ತು. ನೀಲ್ಸ್ ಪ್ರೊವೋಸ್ ಎಂಬವರ ಕೃತಿ. ಯಾವ ಕಾರ್ಯಕ್ರಮವು ಯಂತ್ರವನ್ನು ಏನೇನು ಕೇಳಬಹುದೆಂದು ಒಂದು ಪಟ್ಟಿ ಬರೆದಿಟ್ಟರೆ, ಪ್ರತಿಯೊಂದು ಕೋರಿಕೆಯನ್ನೂ ಅದು ಪಟ್ಟಿಯೊಡನೆ ತಾಳೆನೋಡಿ ಬಿಡುತ್ತಿತ್ತು. ಕೇಳಲು ಬಹಳ ಸೊಗಸು. ಆದರೆ 2007ರಲ್ಲಿ ಕೇಂಬ್ರಿಜ್‌ನ ರಾಬರ್ಟ್ ವಾಟ್ಸನ್ ಇಂಥ ಕಾವಲುಗಳ ದೊಡ್ಡ ದೋಷವೊಂದನ್ನು ತೋರಿಸಿಕೊಟ್ಟರು. ಕಾವಲಿನವನು ಕೋರಿಕೆಯನ್ನು ಓದಿ ‘ಹೂಂ’ ಎಂದ ಮೇಲೆ, ಯಂತ್ರವು ಅದನ್ನು ನಡೆಸುವುದಕ್ಕೆ ಮುನ್ನ, ಕಣ್ಣೆವೆಯಿಕ್ಕುವಷ್ಟು ಅವಕಾಶ ಇರುತ್ತದೆ. ಆ ಅವಕಾಶದಲ್ಲಿ ಅದೇ ಕಾರ್ಯಕ್ರಮದ ಇನ್ನೊಂದು ಎಳೆಯು ಕೋರಿಕೆಯ ಮಾತನ್ನೇ ಬದಲಿಸಿಬಿಡಬಹುದು. ದನಕಾಯುವ ಹುಡುಗ ಅತ್ತ ತಿರುಗಿದಾಗ ಇತ್ತ ತೆನೆ ಮಾಯ! ಇದರ ಮೇಲೆ, ಪಟ್ಟಿ ಬರೆಯುವ ಭಾರವೂ ಬಳಸುವವನ ಮೇಲೆಯೇ ಬಿದ್ದಿತ್ತು. ಕಾರ್ಯಕ್ರಮದ ಹೊಟ್ಟೆಯಲ್ಲೇನಿದೆ ಎಂದು ಅವನಿಗೆ ತಿಳಿಯುವುದು ಹೇಗೆ?

2016ರ ಸೆಪ್ಟೆಂಬರಿನಲ್ಲಿ ಹೊರಬಂದ 6.0ನೆಯ ಆವೃತ್ತಿಯಿಂದ ಸಿಸ್‌ಟ್ರೇಸನ್ನು ಕಿತ್ತುಹಾಕಿದರು. ಆದರೆ ಗಮನಿಸಬೇಕಾದ ಅಂಶವೆಂದರೆ, ಅದೇ ವರ್ಷದ ಮಾರ್ಚ್ ತಿಂಗಳ 5.9ನೆಯ ಆವೃತ್ತಿಯಲ್ಲಿಯೇ ಪ್ಲೆಜ್ ಎಂಬ ಹೊಸ ಕಾವಲು ಬಂದಿತ್ತು. ಇಲ್ಲಿ ಕಾರ್ಯಕ್ರಮವನ್ನು ಬರೆದಾತನೇ ಅದರೊಳಗೆ ‘ಇನ್ನು ಮೇಲೆ ನಾನು ಕಡತ ಓದುವುದು, ಜಾಲದಲ್ಲಿ ಮಾತಾಡುವುದು, ಇಷ್ಟೇ’ ಎಂದು ಪ್ರತಿಜ್ಞೆ ಬರೆಯುತ್ತಾನೆ. ಮೀರಿದರೆ ಕಾರ್ಯಕ್ರಮವನ್ನು ಅಲ್ಲಿಯೇ ಕೊಂದುಬಿಡುವುದು. ಹಳೆಯ ಹಗ್ಗ ಬಿಚ್ಚುವ ಮೊದಲೇ ಹೊಸ ಹಗ್ಗ ಕೊರಳಿಗೆ ಬಿದ್ದಿತ್ತು. ಇಂಥ ತೆಗೆದುಹಾಕುವಿಕೆಗೆ ನನ್ನ ಪೂರ್ಣ ಸಮ್ಮತಿ.

ನೋಡುವವರಿಲ್ಲದ ಕಾವಲನ್ನು ಹಾಗೆಯೇ ಉಳಿಸಿಕೊಳ್ಳುವುದೂ ಜಾಣತನವಲ್ಲ. ನಮ್ಮ ಕೆ.ಜಿ.ಎಫ್. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆಳದ ಸುರಂಗಗಳು ನೀರು ತುಂಬಿಕೊಂಡು ನಿಂತಿವೆ. ಸುರಂಗ ಕೊರೆದಿದ್ದರೆ ಸಾಲದು, ನೀರೆತ್ತುವವರೂ ಇರಬೇಕು. ಲಿನಕ್ಸಿನ ಆಪ್‌ಆರ್ಮರ್ ಎಂಬ ಕಾವಲನ್ನು 2005ರಲ್ಲಿ ಕೊಂಡ ನೋವೆಲ್ ಕಂಪನಿಯು 2007ರಲ್ಲಿ ಅದರ ಕೆಲಸಗಾರರನ್ನೇ ಬಿಟ್ಟುಕಳುಹಿಸಿತು. ಮುಂದೆ ಕೆನಾನಿಕಲ್ ಕಂಪನಿ ಕೈಹಿಡಿದುದರಿಂದ ಅದು ಬದುಕಿತು. ಅದನ್ನು ಸಾಕಿದ್ದ ಸೂಸೆ ಬಳಗವೇ 2025ರಲ್ಲಿ ಹೊಸ ಸ್ಥಾಪನೆಗಳಿಗೆ ಎಸ್.ಇ.ಲಿನಕ್ಸ್ ಎಂಬ ಇನ್ನೊಂದು ಕಾವಲನ್ನು ಆರಿಸಿಕೊಂಡಿತು. ಅಲ್ಲಿಯೂ ಜಾಗ ಖಾಲಿ ಬಿಡಲಿಲ್ಲ.

ನನ್ನ ಆಕ್ಷೇಪವಿರುವುದು ಬೇರೊಂದು ಬಗೆಯ ಬಿಚ್ಚುವಿಕೆಗೆ. ಬೇಸಿಗೆ ರಜೆಯಲ್ಲಿ ನಾನು ಸರ್ವರ್ ನಿರ್ವಹಣೆ ಕಲಿಯಲು ಸೇರಿದ್ದ ಒಂದು ತರಬೇತಿ ಕೇಂದ್ರದಲ್ಲಿ ಕೊಟ್ಟ ಟಿಪ್ಪಣಿಯ ಮೊದಲನೆಯ ಸಾಲೇ ‘ಎಸ್.ಇ.ಲಿನಕ್ಸನ್ನು ನಿಷ್ಕ್ರಿಯಗೊಳಿಸಿ’ ಎಂದಿತ್ತು. ಕಾರಣ ಕೇಳಿದರೆ, ‘ಇಲ್ಲದಿದ್ದರೆ ವೆಬ್‌ಸೈಟ್ ತೆರೆಯುವುದಿಲ್ಲ ಕಣಯ್ಯ’ ಎಂಬ ಉತ್ತರ. ತೆರೆಯದಿರುವುದು ನಿಜ. ಆದರೆ ಏಕೆ ತೆರೆಯುವುದಿಲ್ಲ? ಎಸ್.ಇ.ಲಿನಕ್ಸ್ ಪ್ರತಿಯೊಂದು ಕಡತಕ್ಕೂ ಒಂದೊಂದು ಚೀಟಿ ಅಂಟಿಸಿರುತ್ತದೆ. ನಮ್ಮ ಸ್ವಂತ ಕೋಶದಲ್ಲಿ ಬರೆದ ಪುಟವನ್ನು ವೆಬ್ ಸರ್ವರಿನ ಕೋಶಕ್ಕೆ ಸಾಗಿಸಿದಾಗ ಹಳೆಯ ಚೀಟಿ ಹಾಗೆಯೇ ಉಳಿದು, ‘ಇದು ನಿನ್ನದಲ್ಲ’ ಎಂದು ಕಾವಲು ತಡೆಯುತ್ತದೆ. ಚೀಟಿ ಬದಲಿಸಲು ರಿಸ್ಟೋರ್‌ಕಾನ್ ಎಂಬ ಒಂದೇ ಆಜ್ಞೆ ಸಾಕು. ಒಂದು ಸಾಲು ಕಲಿಸುವ ಬೇಸರಕ್ಕೆ ಕಾವಲುಗಾರನನ್ನೇ ಮನೆಗೆ ಕಳುಹಿಸುವುದು ಯಾವ ನ್ಯಾಯ? ಇದು ಆ ಒಂದು ಕೇಂದ್ರದ ಮಾತಲ್ಲ. ಇಂಥ ಸಲಹೆ ಪುಸ್ತಕಗಳಲ್ಲಿಯೂ ಪಾಠದ ಚಲನಚಿತ್ರಗಳಲ್ಲಿಯೂ ಬೇಕಾದಷ್ಟು ಸಿಗುತ್ತದೆ. ಹೀಗೆ ಕಲಿತವರೇ ನಾಳೆ ಕಛೇರಿಗಳ ಯಂತ್ರ ನೋಡಿಕೊಳ್ಳುವವರು.

ಕಾವಲಿದ್ದರೆ ಏನು ಲಾಭ ಎಂಬುದಕ್ಕೂ ನಿದರ್ಶನವಿದೆ. 2019ರ ಫೆಬ್ರವರಿಯಲ್ಲಿ ರನ್‌ಸಿ ಎಂಬ ತಂತ್ರಾಂಶದಲ್ಲಿ, ಕಂಟೈನರಿನೊಳಗಿಂದ ಹೊರಗೆ ಬಂದು ಇಡೀ ಯಂತ್ರವನ್ನೇ ಹಿಡಿಯಬಹುದಾದ ತೂತು ಸಿಕ್ಕಿತು. ರೆಡ್ ಹ್ಯಾಟ್ ಲಿನಕ್ಸಿನಲ್ಲಿ ಎಸ್.ಇ.ಲಿನಕ್ಸನ್ನು ಬಿಚ್ಚದೆ ಬಿಟ್ಟಿದ್ದವರಿಗೆ ಆ ದಾಳಿಯ ತಡೆ ಮೊದಲೇ ಒದಗಿತ್ತು. ಲಿನಕ್ಸ್ ತಿರುಳನ್ನು ಕಟ್ಟುವವರಂತೂ 2023ರ 6.4ನೆಯ ಆವೃತ್ತಿಯಲ್ಲಿ, ಯಂತ್ರ ಎದ್ದ ಮೇಲೆ ಎಸ್.ಇ.ಲಿನಕ್ಸನ್ನು ಪೂರ್ತಿ ಕಳಚುವ ಸೌಕರ್ಯವನ್ನೇ ತೆಗೆದುಹಾಕಿದರು. ಬಿಚ್ಚುವ ಕೈಯನ್ನೇ ಕಟ್ಟಿದಂತಾಯಿತು. ನನಗೆ ಇದು ಬಹಳ ಹಿಡಿಸಿತು.

ಕಾವಲು ಕಷ್ಟವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎಸ್.ಇ.ಲಿನಕ್ಸಿನ ನಿಯಮಗಳನ್ನು ಓದಿದರೆ ಹಳಗನ್ನಡದ ಟೀಕೆಯಿಲ್ಲದ ಪದ್ಯವನ್ನು ಓದಿದಂತಾಗುತ್ತದೆ. ಅದಕ್ಕಾಗಿಯೇ ಪ್ಲೆಜ್‌ನಂಥ ಸರಳ ಹಗ್ಗಗಳು ನನಗೆ ಹೆಚ್ಚು ಮೆಚ್ಚುಗೆ. ಕಷ್ಟವಾದರೆ ಸುಲಭವಾದುದನ್ನು ತರಲಿ. ತರುವವರೆಗೆ ಇರುವುದನ್ನು ಮುಟ್ಟದಿರಲಿ. ಸರ್ಕಾರವು ಸರ್ವರ್ ಕೆಲಸಕ್ಕೆ ಟೆಂಡರ್ ಕರೆಯುವಾಗ ಷರತ್ತುಗಳಲ್ಲಿ ಇದನ್ನೂ ಒಂದು ಸಾಲಾಗಿ ಬರೆಯಬಹುದು: ಕಾರ್ಯವ್ಯವಸ್ಥೆಯೊಡನೆ ಬಂದ ಕಾವಲನ್ನು ಕಳಚಿದವನು ಕಾರಣವನ್ನೂ, ಬದಲಿಗೆ ಹಾಕಿದ ಕಾವಲಿನ ಹೆಸರನ್ನೂ ಬರೆದು ಸಹಿ ಮಾಡತಕ್ಕದ್ದು. ನಮ್ಮ ಕಾಲೇಜಿನ ಗಣಕಯಂತ್ರ ಪ್ರಯೋಗಶಾಲೆಯಲ್ಲಿ ಇದನ್ನು ಮೊದಲು ಆರಂಭಿಸಲು ಅಧ್ಯಾಪಕವರ್ಗದವರು ಒಪ್ಪುವುದಾದರೆ, ಆ ದಫ್ತರವನ್ನು ಗೆರೆ ಹಾಕಿ ಸಿದ್ಧಪಡಿಸಿ ಕೊಡುವ ಕೆಲಸಕ್ಕೆ ನಾವು ಮೂರ್ನಾಲ್ಕು ಮಂದಿ ಸಿದ್ಧರಿದ್ದೇವೆ.