ಆನೆ ಹೋಯಿತು, ಬಾಲ ಉಳಿಯಿತು

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ‘ಹತ್ತೀ ಗೇಲಾ, ಶೇಪೂಟ್ ರಾಹಿಲೇ’ ಎಂಬ ಮರಾಠಿ ಗಾದೆ ಕಂಠಪಾಠ. ಆನೆಯೇ ದಾಟಿತು, ಬಾಲ ಸಿಕ್ಕಿಕೊಂಡಿತು! ದಾವೆ ಗೆದ್ದು, ಡಿಕ್ರಿ ಪಡೆದು, ಅದರ ಜಾರಿಗಾಗಿ ವರ್ಷಗಟ್ಟಲೆ ಅಲೆಯುವವನ ಪಾಡಿಗೆ ಇದಕ್ಕಿಂತ ಒಪ್ಪುವ ಮಾತಿಲ್ಲ. ಭಾರತದಲ್ಲಿ ಕಕ್ಷಿದಾರನ ಕಷ್ಟ ಆರಂಭವಾಗುವುದೇ ಡಿಕ್ರಿ ಕೈಗೆ ಬಂದ ಮೇಲೆ ಎಂದು ಪ್ರೀವಿ ಕೌನ್ಸಿಲ್ 1872ರಷ್ಟು ಹಿಂದೆಯೇ ಹೇಳಿತ್ತು. ನಾವು ಗಾದೆ ಹೇಳುತ್ತೇವೆ, ನಗುತ್ತೇವೆ, ಚಹಾ ಮುಗಿಸಿ ಏಳುತ್ತೇವೆ. ನಮ್ಮ ತಕರಾರು ಈ ನಗೆಯ ಮೇಲೆಯೇ.

ಕಾನೂನಿನ ಲೋಕಕ್ಕೆ ಆನೆ ಹೊಸತಲ್ಲ. ಒಂದು ಕಲಮನ್ನು ತಡವಿ ಇಡೀ ಕಾಯ್ದೆಯನ್ನು ಬಲ್ಲೆವೆನ್ನುವವರಿಗಾಗಿ ಹಿರಿಯರ ‘ಅಂಧಗಜ ನ್ಯಾಯ’ವಿದೆ. ಶಾಸನಸಭೆ ಇಲಿಯ ಬಿಲದಲ್ಲಿ ಆನೆಯನ್ನು ಬಚ್ಚಿಡುವುದಿಲ್ಲವೆಂದು ಅಮೆರಿಕದ ನ್ಯಾಯಮೂರ್ತಿ ಸ್ಕಾಲಿಯಾ 2001ರಲ್ಲಿ ಬರೆದರು. ಈ ಆನೆಗಳು ಕಣ್ಣು ತೆರೆಸುತ್ತವೆ. ಬಾಲದ ಗಾದೆಯೋ ಕಣ್ಣು ಮುಚ್ಚಿಸುತ್ತದೆ. ಬಾಲ ತಾನಾಗಿ ಸಿಕ್ಕಿಕೊಂಡಿತು, ಯಾರದೂ ತಪ್ಪಿಲ್ಲ ಎಂಬ ಸಮಾಧಾನ ಅದರೊಳಗಿದೆ.

ಯಾರದೂ ತಪ್ಪಿಲ್ಲವೆ? ಈ ದೇಶದ ಅತಿದೊಡ್ಡ ಕಕ್ಷಿದಾರ ಸರಕಾರ. ಅದರ ಅನ್ನ ಉಣ್ಣುವವರು ನಾವು. ನೌಕರರ ವ್ಯಾಜ್ಯಗಳು ಬೇಗ ಇತ್ಯರ್ಥವಾಗಲೆಂದೇ 1985ರ ಕಾಯ್ದೆ ಕೇಂದ್ರೀಯ ಆಡಳಿತ ನ್ಯಾಯಮಂಡಳಿಗೆ ದಾರಿ ಮಾಡಿತು. 1997ರ ಚಂದ್ರಕುಮಾರ್ ತೀರ್ಪಿನ ನಂತರ ಅದರ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಆ ಹಕ್ಕು ಅಗತ್ಯವೇ. ಆದರೆ ನಿವೃತ್ತನೊಬ್ಬ ಪಿಂಚಣಿಯ ವ್ಯಾಜ್ಯ ಗೆದ್ದಾಗ ಕಡತದಲ್ಲಿ ನಡೆಯುವುದೇನು? ‘ಹೈಕೋರ್ಟಿಗೆ ಹೋಗುವುದು ಬೇಡ’ ಎಂದು ಬರೆದವನನ್ನು ನಾಳೆ ಯಾರಾದರೂ ಕಾರಣ ಕೇಳಿಯಾರು. ‘ಹೋಗೋಣ’ ಎಂದು ಬರೆದವನನ್ನು ಕೇಳುವವರಿಲ್ಲ. ಆದುದರಿಂದ ಹೋಗೋಣವೆಂದೇ ಬರೆಯುತ್ತೇವೆ. ಸರಕಾರ ಹೊಣೆಯರಿತ ಕಕ್ಷಿದಾರನಾಗಬೇಕೆಂದು 2010ರ ರಾಷ್ಟ್ರೀಯ ವ್ಯಾಜ್ಯ ನೀತಿ ಹೇಳಿದ್ದನ್ನು ಓದಿದ ಮೇಲೂ ಹಾಗೆಯೇ ಬರೆಯುತ್ತೇವೆ. ಆನೆಯ ಬಾಲ ಇರುವುದು ನಮ್ಮ ಮುಷ್ಟಿಯಲ್ಲಿ.

ನ್ಯಾಯಾಲಯಗಳೇ ನಿಧಾನ, ಗುಮಾಸ್ತರೇನು ಮಾಡಿಯಾರು ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಂಥವರು ಕೊಲ್ಲಾಪುರ ಜಿಲ್ಲೆಯ ನಾಂದಣಿ ಜೈನ ಮಠದ ಮಹಾದೇವಿಯನ್ನು ನೆನೆಯಲಿ. ಅವಳು ಗಾದೆಯ ಆನೆಯಲ್ಲ. 1992ರಿಂದ ಮಠದಲ್ಲಿದ್ದ, ರಕ್ತಮಾಂಸದ ಆನೆ. ಅವಳನ್ನು ಜಾಮ್‌ನಗರದ ಆಶ್ರಯಧಾಮಕ್ಕೆ ಕಳಿಸಬೇಕೆಂಬ ಆದೇಶವನ್ನು ಮುಂಬಯಿ ಹೈಕೋರ್ಟು 2025ರ ಜುಲೈ 16ರಂದು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟು ಅದನ್ನು ತಡೆಯಲಿಲ್ಲ. ಆ ತಿಂಗಳು ಮುಗಿಯುವ ಮೊದಲೇ ಅವಳು ಜಾಮ್‌ನಗರ ಸೇರಿದಳು. ಊರವರು ಕಣ್ಣೀರಿಟ್ಟರು, ಕೊಲ್ಲಾಪುರದಲ್ಲಿ ಮೆರವಣಿಗೆ ಹೊರಟಿತು. ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಾವು ಗಮನಿಸಬೇಕಾದದ್ದು ಇಷ್ಟು: ನಿಜವಾದ ಆನೆ, ಬಾಲಸಮೇತ, ಎರಡು ವಾರಗಳಲ್ಲಿ ರಾಜ್ಯದ ಗಡಿ ದಾಟಿತು. ನಿವೃತ್ತನ ಪಿಂಚಣಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಲಾರದೆ?

ನಮ್ಮ ಓದುಗರಲ್ಲಿ ಕಡತಕ್ಕೆ ಸಹಿ ಹಾಕುವವರು ಬಹಳ ಮಂದಿ. ಮುಂದಿನ ಸಲ ‘ಹೋಗೋಣ’ ಎಂದು ಬರೆಯುವ ಮೊದಲು ಎದುರು ಕಕ್ಷಿದಾರನ ವಯಸ್ಸನ್ನೂ, ಹೋಗಲೇಬೇಕಾದ ಕಾರಣವನ್ನೂ ಅದೇ ಹಾಳೆಯಲ್ಲಿ ಬರೆಯೋಣ. ಕಾರಣ ಹೊಳೆಯದಿದ್ದರೆ ‘ಬೇಡ’ ಎಂದು ಬರೆದು ಹೆಸರು ಹಾಕೋಣ. ಗಾದೆಗೆ ನಗುವುದನ್ನು ಆಮೇಲೆ ನೋಡಿಕೊಂಡರಾಯಿತು.